ಹಗೇವಿನ ಬಾಯಲ್ಲಿ ಒಂದು ಇಂಗ್ಲಿಷ್ ಮಾತು

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಮಕ್ಕಳು ಯಾವ ಇಂಗ್ಲಿಷ್ ಮಾತಿಗೆ ಅರ್ಥ ಕೇಳಿದರೂ ಹೇಳಿದ್ದೇನೆ. ಗೊತ್ತಿಲ್ಲದಿದ್ದರೆ ‘ನಾಳಿಗೆ ಹೇಳತೇನಿ, ಕೂಡ್ರು’ ಎಂದು ಗತ್ತಿನಿಂದ ತಪ್ಪಿಸಿಕೊಂಡು ಮನೆಗೆ ಹೋಗಿ ಶಬ್ದಕೋಶ ತಿರುವಿದ್ದೇನೆ. ಆದರೆ ‘ಇಮ್ಮೀಡಿಯೆಟ್ಲಿ’ ಎಂಬ ಮಾತು ಪಾಠದಲ್ಲಿ ಬಂದ ದಿನ ಮಾತ್ರ ನಾನು ಮುಖ ಗಂಟಿಕ್ಕಿಕೊಳ್ಳುತ್ತಿದ್ದೆ. ‘ಕೂಡಲೇ ಅಂತ ಬರಕೋರಿ, ಮುಂದಿಂದು ಓದ್ರಿ’ ಎಂದು ದಾಟಿಸಿಬಿಡುತ್ತಿದ್ದೆ. ನನ್ನ ಸಿಟ್ಟು ಆ ಮಾತಿನ ಮೇಲೆ ಅಲ್ಲ. ಅದನ್ನು ಒಂದು ಕಾಲಕ್ಕೆ ನಾನು ಬಹಳ ಚೆಂದಾಗಿ ವಿವರಿಸಿದ್ದೆನಲ್ಲ, ಅದರ ಮೇಲೆ. ಈಗ ಸಾಲೆ ಬಿಟ್ಟಿದ್ದೇನೆ, ಹೆದರಬೇಕಾದ ಇನ್ಸ್‌ಪೆಕ್ಟರರೂ ಇಲ್ಲ. ಬರೆದುಬಿಡುತ್ತೇನೆ.

ನಾನು ರಾಮದುರ್ಗದವನು. ಬೈಲಹೊಂಗಲದಲ್ಲಿ ಸೋದರಮಾವನ ಮನೆಯಲ್ಲಿದ್ದು ಇಂಗ್ಲಿಷ್ ಮೂರು ಇಯತ್ತೆ ಕಲಿತೆ. ಕಿತ್ತೂರಿನ ಸಾಲೆಯಲ್ಲಿ ಒಂದು ವರ್ಷ ಕೆಲಸ ಕಲಿಯುವ ಉಮೇದುವಾರನಾಗಿದ್ದು, ಆಮೇಲೆ ಸವದತ್ತಿಯಿಂದ ಮುನವಳ್ಳಿಗೆ ಹೋಗುವ ದಾರಿಯ ಒಂದು ಊರಿಗೆ ಮಾಸ್ತರನಾಗಿ ಬಂದೆ. ಊರಿನ ಹೆಸರು ಬೇಡ. ಅಲ್ಲಿ ಗೌಡರಿಗೆ ಕನ್ನಡ ಬರುತ್ತಿತ್ತು, ಕುಲಕರ್ಣಿಯವರಿಗೆ ಮರಾಠಿಯ ಮೋಡಿ ಲಿಪಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ಆಗ ನನಗೆ ಇಪ್ಪತ್ತಾರು ವರ್ಷ. ಆ ವಯಸ್ಸಿನಲ್ಲಿ ಮೂರು ಇಯತ್ತೆಯ ಇಂಗ್ಲಿಷು ತಲೆಗೇರಲು ಬೇರೇನೂ ಬೇಕಾಗುವುದಿಲ್ಲ. ಎತ್ತಿಗೆ ‘ಕಮ್’ ಎನ್ನುತ್ತಿದ್ದೆ ಎಂದು ಊರವರು ನನ್ನ ಬೆನ್ನ ಹಿಂದೆ ನಗುತ್ತಿದ್ದರಂತೆ. ಎತ್ತಿಗೆ ಎಂದೂ ಅಂದಿಲ್ಲ. ಗೌಡರ ಮನೆಯ ನಾಯಿಗೆ ಅಂದದ್ದುಂಟು.

ಅವು ಗಡ್ಡೆ ಬೇನೆಯ ವರ್ಷಗಳು. ಪೇಟೆಯವರು ಪ್ಲೇಗು ಎನ್ನುತ್ತಿದ್ದರು. ಜಂತಿಯಿಂದ ಇಲಿ ಸತ್ತು ಬಿದ್ದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು, ಬೇನೆ ಇಳಿದ ಮೇಲೆ ತಿರುಗಿ ಬರಬೇಕು. ನಾನು ಬಂದ ಮೂರನೆಯ ವರ್ಷ ಮಾಘಮಾಸದಲ್ಲಿ ನಮ್ಮ ಊರಿನಲ್ಲೂ ಇಲಿ ಬಿದ್ದವು. ಮೊದಲು ಗೌಡರ ದನದ ಮನೆಯಲ್ಲಿ ಎರಡು, ಮರುದಿನ ಸಾಲೆಯ ಮೂಲೆಯಲ್ಲಿ ಒಂದು. ಸಾಲೆಗೆ ಕೀಲಿ ಹಾಕಿದೆ. ಜನ ಒಬ್ಬರ ಮುಖ ಒಬ್ಬರು ನೋಡುತ್ತ, ಯಾರ ಬಗಲಿನಲ್ಲಿ ಗಂಟು ಎದ್ದಿದೆಯೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತ ಗಾಡಿ ಹೂಡತೊಡಗಿದರು.

ಶನಿವಾರ ಇಳಿಹೊತ್ತಿಗೆ ಸವದತ್ತಿಯ ಕಚೇರಿಯಿಂದ ಒಬ್ಬ ಪಟ್ಟೇವಾಲ ಕಾಗದ ತಂದ. ಅವಸರದಲ್ಲಿ ಕಳಿಸಿದ್ದರಿಂದ ಅದು ಬರೀ ಇಂಗ್ಲಿಷಿನಲ್ಲೇ ಇತ್ತು. ರವಿವಾರ ಬೆಳಗ್ಗೆ ಗೌಡರು ನನ್ನನ್ನು ಚಾವಡಿಗೆ ಕರೆಸಿದರು. ಹೊಲಕ್ಕೆ ಹೋಗಿದ್ದ ಗಂಡಸರೆಲ್ಲ ಬಂದು ಕೂತಿದ್ದರು. ನಾನು ನಿಂತುಕೊಂಡು, ಮೊದಲು ಇಂಗ್ಲಿಷಿನಲ್ಲಿ ಪೂರಾ ಓದಿದೆ. ಯಾರಿಗೂ ತಿಳಿಯುವುದಿಲ್ಲವೆಂದು ಗೊತ್ತಿದ್ದೂ ಓದಿದೆ. ಆಮೇಲೆ ಕನ್ನಡದಲ್ಲಿ ಹೇಳಿದೆ. ಮನೆಗಳನ್ನು ಬರಿದು ಮಾಡಬೇಕು, ಹೆಂಚು ತೆಗೆದು ಬಿಸಿಲು ಬೀಳಿಸಬೇಕು, ಊರೊಳಗಿನ ಹಗೇವುಗಳನ್ನು ಇಮ್ಮೀಡಿಯೆಟ್ಲಿ ತೆಗೆದು ಕಾಳನ್ನು ಹೊರಗೆ ಒಣಹಾಕಬೇಕು. ಪ್ಲೇಗಿನ ಸಾಹೇಬರು ಬುಧವಾರ ಬಂದು ನೋಡುತ್ತಾರೆ.

‘ಆ ನಡುವ ಒಂದು ಮಾತು ಹಂಗ ಬಿಟ್ರೆಲ್ಲ, ಅದೇನ್ರಿ ಮಾಸ್ತರ?’ ಎಂದರು ಗೌಡರು.

‘ಇಮ್ಮೀಡಿಯೆಟ್ಲಿ ಅಂದ್ರ ತಾಬಡತೋಬ.’

‘ತಾಬಡತೋಬ ಅಂದ್ರ ಎಷ್ಟೊತ್ತು?’

ಗೌಡರು ಕೀಟಲೆಗೆ ಕೇಳಿದ್ದಲ್ಲ. ನಮ್ಮ ಕಡೆ ತಾಬಡತೋಬ ಎಂದರೆ ಈ ಗಳಿಗೆಯಿಂದ ಸಂಜೆಯವರೆಗೆ ಎಷ್ಟು ಬೇಕಾದರೂ ಆಗಬಹುದು. ನನಗೆ ಹುರುಪು ಬಂತು. ಮೂರು ವರ್ಷದಲ್ಲಿ ಅಷ್ಟು ದೊಡ್ಡವರು ನನ್ನ ಮುಂದೆ ವಿದ್ಯಾರ್ಥಿಗಳ ಹಾಗೆ ಕೂತದ್ದು ಅದೇ ಮೊದಲು.

‘ನೋಡ್ರಿ,’ ಎಂದೆ. ‘ನಾ ನಿಮ್ಮ ಮನಿ ಮುಂದ ನಿಂತು ಕರೀತೇನಿ. ನೀವು ಒಳಗಿಂದ ಬಂದೆ ಅಂತೀರಿ. ಬಂದೆ ಅಂದು ರೊಟ್ಟಿ ಮುಗಸ್ತೀರಿ, ಕೈ ತೊಳೀತೀರಿ, ರುಮಾಲು ಹುಡುಕ್ತೀರಿ, ಅದು ಸಿಗಲಿಲ್ಲಂತ ಹೆಂಡ್ರ ಮ್ಯಾಲ ಹಾರಾಡ್ತೀರಿ, ಆಮ್ಯಾಲ ಹೊರಗ ಬರತೀರಿ. ಆ ಬಂದೆ ಅನ್ನೂದಕ್ಕ ಇಂಗ್ಲೀಷಿನ್ಯಾಗ ಮಾತ ಇಲ್ಲ.’

ಜನ ನಕ್ಕರು. ಬೇನೆ ಬಂದ ಮೇಲೆ ಚಾವಡಿಯಲ್ಲಿ ನಗೆ ಕೇಳಿರಲಿಲ್ಲ. ಅದರಿಂದ ಇನ್ನಷ್ಟು ಉಬ್ಬಿದೆ.

‘ಒಲಿ ಮ್ಯಾಲ ಹಾಲು ಉಕ್ಕಾಕ ಹತ್ತೇತಿ. ಆಗ ಯಾರರ ಬಂದೆ ಅಂತಾರೇನು? ಕೈಯಾಗಿಂದು ಚೆಲ್ಲಿ ಓಡ್ತಾರ. ನೋಡೂದಕ್ಕೂ ಓಡೂದಕ್ಕೂ ನಡುವ ಏನೂ ಇಲ್ಲ. ಏನಂದ್ರ ಏನೂ ಇಲ್ಲ. ಅದು ಇಮ್ಮೀಡಿಯೆಟ್ಲಿ.’

ಇಂದಿಗೂ ಹೇಳುತ್ತೇನೆ, ಆ ಮಾತಿನ ಅರ್ಥವನ್ನು ಅದಕ್ಕಿಂತ ಚೆನ್ನಾಗಿ ಯಾವ ಕೋಶವೂ ಹೇಳಿಲ್ಲ. ಇಂಗ್ಲಿಷಿನವರೂ ಆ ಮಾತನ್ನು ಕಟ್ಟಿದ್ದು ಹಾಗೆಯೇ: ಎರಡು ಕೆಲಸಗಳ ನಡುವೆ ಏನನ್ನೂ ಬಿಡದೆ. ಕೆಲಸ ಹೇಳುವ ಮಾತಿನ ಪಕ್ಕ ಅದನ್ನು ಇಟ್ಟರೆ ಸಾಕು, ಕೆಲಸಕ್ಕೆ ಉಸಿರು ಬಿಡಲು ಪುರುಸೊತ್ತು ಇರುವುದಿಲ್ಲ.

‘ನಡುವ ಏನೂ ಇಲ್ಲ ಅಂತೀರಿ,’ ಎಂದು ಕಂಬದ ಹತ್ತಿರ ಕೂತಿದ್ದ ಒಬ್ಬ ಕೇಳಿದ.

‘ಏನೂ ಇಲ್ಲ.’

‘ಮತ್ತ ಹಗೇವಕ್ಕ ನಡುವ ಒಂದು ದಿನ ಬೇಕಲ್ರಿ.’

ಅವನ ಬಗ್ಗೆ ಹೇಳಬೇಕು. ಹಗೇವು ಇಳಿಯುವುದು ಅವನ ಮನೆತನದ ಕೆಲಸ. ನಲವತ್ತರ ಆಸುಪಾಸು, ಸಣ್ಣ ಮೈಕಟ್ಟು, ಹಗೇವಿನ ಬಾಯಿಗೆ ಅಳೆದು ಮಾಡಿದಂಥ ಭುಜ. ನಮ್ಮ ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬುತ್ತಾರೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಇಕ್ಕಟ್ಟು, ಒಳಗೆ ಹೊಟ್ಟೆ ಅಗಲ. ತುಂಬಿದ ಮೇಲೆ ಬಂಡೆ ಮುಚ್ಚಿ ಕೆಸರು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಒಳಗೆ ಕಾವು ಕೂತಿರುತ್ತದೆ. ಕಣ್ಣಿಗೆ ಕಾಣದ, ವಾಸನೆ ಇಲ್ಲದ ಸತ್ತ ಗಾಳಿ ಅದು. ಬಂಡೆ ತೆಗೆದು ಒಂದು ದಿನ ಒಂದು ರಾತ್ರಿ ಬಾಯಿ ತೆರೆದಿಡಬೇಕು. ಆಮೇಲೆ ಬುಟ್ಟಿಯಲ್ಲಿ ಪಣತಿ ಹಚ್ಚಿಟ್ಟು ಹಗ್ಗದಿಂದ ಇಳಿಬಿಡಬೇಕು. ಪಣತಿ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ಅವನ ಅಪ್ಪ ಒಮ್ಮೆ ಅವಸರ ಮಾಡಿ ಇಳಿದು ಒಳಗೇ ಉಳಿದವನು. ಆಗ ಮೇಲೆ ಹಗ್ಗ ಹಿಡಿದಿದ್ದವನು ಇವನೇ.

ಓದು ಬರದಿದ್ದರೂ ಅವನಿಗೆ ಅಕ್ಷರದ ಮೇಲೆ ವಿಪರೀತ ಭಕ್ತಿ. ಸಂಜೆ ನಾನು ಚಾವಡಿಯಲ್ಲಿ ವರ್ತಮಾನಪತ್ರ ಓದುವಾಗ ತಪ್ಪದೆ ಬಂದು ಕೂತು, ಹೊಸ ಮಾತು ಬಂದರೆ ಅರ್ಥ ಕೇಳಿ, ಮರುದಿನ ಓಣಿಯಲ್ಲಿ ಅದನ್ನು ಬಳಸಿ ನೋಡುತ್ತಿದ್ದ. ‘ಮಾಸ್ತರ ಅಂದಾರಂದ್ರ ಅಚ್ಚಾದಂಗ’ ಎಂಬುದು ಅವನ ಮಾತು. ನನಗೆ ಕೇಳಿಸುವಂತೆಯೇ ಅನ್ನುತ್ತಿದ್ದ ಎನ್ನಿ. ಆದರೂ ನನಗೆ ಹಿತವಾಗುತ್ತಿತ್ತು.

‘ಸರ್ಕಾರದ ಕಾಗದಕ್ಕ ನಿನ್ನ ಹಗೇವಿನ ಸುದ್ದಿ ಗೊತ್ತಿಲ್ಲಪಾ,’ ಎಂದೆ. ‘ಅದು ಇಮ್ಮೀಡಿಯೆಟ್ಲಿ ಅಂದೈತಿ.’

ಅವನು ಆ ಮಾತನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿದ. ‘ಇಮ್ಮೀಡಿಯೆಟ್ಲಿ. ಚಲೋ ಐತ್ರಿ. ಕಲ್ಲ ಒಡದಂಗ ಐತಿ,’ ಎಂದ.

ಗೌಡರ ಮನೆಯ ಮುಂದಿನ ಹಗೇವು ಊರಿಗೆಲ್ಲ ದೊಡ್ಡದು. ಅದರ ಬಂಡೆಯನ್ನು ಎತ್ತು ಕಟ್ಟಿಯೇ ಎಳೆಯಬೇಕು. ರವಿವಾರ ಪೂರ್ತಿ ಗುಡಿಸಲಿನ ಕೆಲಸದಲ್ಲಿ ಹೋಯಿತು. ಮರುದಿನ ಸೋಮವಾರ. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ‘ಇಮ್ಮೀಡಿಯೆಟ್ಲಿಗೆ ಸೋಮವಾರ ಇಲ್ಲ’ ಎಂದು ನಾನು ಚಾವಡಿಯಲ್ಲಿ ವಾದಿಸಿದೆ. ‘ಬಸವಣ್ಣಗ ಐತಲ್ರಿ’ ಎಂದು ಗೌಡರು ಮಾತು ಮುಗಿಸಿದರು. ಮಂಗಳವಾರ ನಸುಕಿನಲ್ಲಿ ಬಂಡೆ ಎಳೆಯುವುದು, ಬುಧವಾರ ಬೆಳಗ್ಗೆ ಪಣತಿ ನೋಡಿ ಇಳಿಯುವುದು, ಸಾಹೇಬರು ಬರುವ ಹೊತ್ತಿಗೆ ಕಾಳು ಅಂಗಳದಲ್ಲಿ ಹರಡಿರುವುದು ಎಂದು ಗೊತ್ತಾಯಿತು. ಹಗೇವಿಗೆ ಬೇಕಾದ ಒಂದು ದಿನ ಹಗೇವಿಗೆ ಸಿಗುತ್ತಿತ್ತು. ಯಾರೂ ಯಾರನ್ನೂ ದೂರುವಂತಿರಲಿಲ್ಲ.

ಸಾಹೇಬರು ಮಂಗಳವಾರವೇ ಬಂದರು.

ಬಂಡೆ ಎಳೆದು ಎರಡು ತಾಸೂ ಆಗಿರಲಿಲ್ಲ. ಇನ್ನೊಂದು ಊರಿನಲ್ಲಿ ಕೆಲಸ ಬೇಗ ಮುಗಿಯಿತೆಂದು ಕುದುರೆ ಈ ಕಡೆ ತಿರುಗಿಸಿದ್ದರಂತೆ. ಜೊತೆಗೆ ಅದೇ ಪಟ್ಟೇವಾಲ. ಸಾಹೇಬರು ನನಗಿಂತ ಚಿಕ್ಕವರಂತೆ ಕಂಡರು. ಕಣ್ಣು ಕೆಂಪಾಗಿದ್ದವು, ಅಂಗಿಯ ಮೇಲೆ ಸುಣ್ಣದ ಕಲೆ. ವಾರದಲ್ಲಿ ಎಷ್ಟು ಹೆಣ ನೋಡಿದ್ದರೋ ಏನೋ. ನಾನು ಸರ್ಕಾರದ ಕಾಗದ ಕೈಯಲ್ಲಿ ಹಿಡಿದು ಮುಂದೆ ಹೋಗಿ, ದಾರಿಯುದ್ದಕ್ಕೂ ಬಾಯಲ್ಲಿ ಜೋಡಿಸಿಕೊಂಡಿದ್ದ ಎರಡು ಇಂಗ್ಲಿಷ್ ವಾಕ್ಯ ಹೇಳಿ ನಮಸ್ಕಾರ ಮಾಡಿದೆ. ಅವರು ಕುದುರೆಯಿಂದ ಇಳಿಯುತ್ತ, ‘ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಮಾಸ್ತರ್. ಈ ಸುತ್ತಿನಲ್ಲಿ ನನಗೆ ತಿಳಿಯುವಂತೆ ಮಾತಾಡಿದವರು ನೀವೊಬ್ಬರೇ’ ಎಂದರು.

ಆ ಒಂದು ಮಾತು ಅವರು ಆಡದೆ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವರು ಗದರಿಸಿದ್ದರೆ ನಾನು ಬಹುಶಃ ಗೌಡರ ಹಿಂದೆ ನಿಂತುಬಿಡುತ್ತಿದ್ದೆ. ಹೊಗಳಿದರು, ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ.

ಗೌಡರ ಮನೆಯ ಮುಂದೆ ಹಗೇವಿನ ಸುತ್ತ ಹತ್ತು ಹನ್ನೆರಡು ಜನ ಇದ್ದರು. ಹಗೇವಿನವನು ಬಾಯಿಯ ಅಂಚಿನಲ್ಲಿ ಕೂತು ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟುತ್ತಿದ್ದ. ಅದನ್ನು ಹಗೇವಿನೊಳಗೆ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿದರೆ ಕಾವು ತುಸು ಬೇಗ ಹೊರಬೀಳುತ್ತದೆ. ಅವನ ಹೆಂಡತಿ ಗೌಡರ ಪಡಸಾಲೆಯಿಂದ ಸಾಮಾನು ಹೊತ್ತು ಗಾಡಿಗೆ ಹಾಕುತ್ತಿದ್ದಳು. ಸಾಹೇಬರು ಹಗೇವಿನೊಳಗೆ ಬಗ್ಗಿ ನೋಡಿ ನನ್ನನ್ನು ಕೇಳಿದರು, ‘ತೆಗೆದಾಯಿತೇ?’

‘ಆಯಿತು, ಸರ್.’

‘ಸರಿ. ಹಾಗಾದರೆ ಶುರು ಮಾಡಲಿ.’

ಅಷ್ಟೇ. ಅವರು ಅಂದದ್ದು ಅಷ್ಟೇ. ಅನ್ನುತ್ತ ತಮ್ಮ ಕಾಗದದಲ್ಲಿ ಏನೋ ಬರೆದುಕೊಳ್ಳಲು ಹತ್ತಿದರು. ‘ನಾಳೆಯವರೆಗೆ ತಡೆಯಬೇಕು, ಸರ್. ಒಳಗಿನ ಗಾಳಿ ಕೆಟ್ಟದ್ದು’ ಎನ್ನುವಷ್ಟು ಇಂಗ್ಲಿಷ್ ನನ್ನಲ್ಲಿ ಇತ್ತು. ಇರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ಸುಳ್ಳು. ನಾಲಗೆಯ ತುದಿಯಲ್ಲಿತ್ತು.

ಹಗೇವಿನವನು ಪಣತಿ ಹಚ್ಚಿ ಬುಟ್ಟಿಯಲ್ಲಿಟ್ಟು ಇಳಿಬಿಟ್ಟ. ಬರೆಯುತ್ತಿದ್ದ ಸಾಹೇಬರನ್ನು ಬಿಟ್ಟು ಎಲ್ಲರೂ ಬಗ್ಗಿದೆವು. ಬೆಳಕು ಒಂದು ಆಳು ಕೆಳಗೆ ಹೋಗುವವರೆಗೆ ಕಂಡಿತು. ಅಲ್ಲಿ ಕುಗ್ಗಿತು, ನೀಲಿಯಾಯಿತು, ಆರಿತು. ಅವನು ಬುಟ್ಟಿ ಮೇಲೆಳೆದು, ಪಣತಿಯನ್ನು ಎಲ್ಲರಿಗೂ ಕಾಣುವಂತೆ ನೆಲದ ಮೇಲಿಟ್ಟು, ನನ್ನ ಮುಖ ನೋಡಿದ.

‘ಏನಂತಾರ್ರಿ ಸಾಹೇಬ್ರು?’

‘ತಾಬಡತೋಬ ಇಳಿ ಅಂತಾರ,’ ಎಂದೆ.

‘ಮಾಸ್ತರ, ಇನ್ನೊಮ್ಮೆ ಕೇಳಿ ನೋಡ್ರಿ,’ ಎಂದರು ಗೌಡರು, ಮೆಲ್ಲಗೆ.

‘ಕೇಳೂದೇನೈತ್ರಿ ಗೌಡ್ರ? ಕಾಗದದಾಗ ಏನೈತಿ, ಅದನ್ನ ಹೇಳ್ಯಾರ. ಇಮ್ಮೀಡಿಯೆಟ್ಲಿ.’

ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಅವರು ಸರ್ಕಾರದ ಪಾಟೀಲರು, ಕಾಗದದ ಮಾತು ಮೀರುವಂತಿರಲಿಲ್ಲ. ಹಗೇವಿನವನು ನನ್ನನ್ನು ಇನ್ನೂ ನೋಡುತ್ತಿದ್ದ. ಆ ನೋಟಕ್ಕೆ ಸಿಟ್ಟಾಗಲಿ ಅಂಜಿಕೆಯಾಗಲಿ ಇರಲಿಲ್ಲ. ಚಾವಡಿಯಲ್ಲಿ ಹೊಸ ಮಾತಿನ ಅರ್ಥ ಕೇಳಿದಾಗ ಉತ್ತರಕ್ಕೆ ಕಾಯುತ್ತಿದ್ದನಲ್ಲ, ಹಾಗೆ ನೋಡಿದ. ನಾನು ಕೈಯಲ್ಲಿದ್ದ ಕಾಗದದ ಕಡೆ ಕಣ್ಣು ತಿರುಗಿಸಿದೆ.

ಅವನು ಬೇವಿನ ಟೊಂಗೆಗಳನ್ನು ಇಳಿಬಿಟ್ಟು ಒಂದಿಪ್ಪತ್ತು ಸಲ ಜೋರಾಗಿ ಆಡಿಸಿದ. ಹಗ್ಗದ ತುದಿಯನ್ನು ಟೊಂಕಕ್ಕೆ ಬಿಗಿದುಕೊಂಡ. ಇನ್ನೊಂದು ತುದಿಯನ್ನು ಇಬ್ಬರು ಹಿಡಿದರು. ಹೆಂಡತಿಯ ಕಡೆ ನೋಡಲಿಲ್ಲ. ಅವಳು ಆಗ ಒಳಗಿದ್ದಳು. ಬಾಯಿಯ ಅಂಚಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡು, ತೋಳು ಮೇಲೆತ್ತಿ ಇಳಿದ.

ಹಗೇವಿನಲ್ಲಿ ಇಳಿದವನು ಬುಟ್ಟಿ ತುಂಬಿದ ಹಾಗೆ ಗಟ್ಟಿಯಾಗಿ ಎಣಿಸಬೇಕು. ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆ ಎಣಿಕೆ ಕಾಳಿಗಾಗಿ ಅಲ್ಲ. ಕಾಳನ್ನು ಮೇಲೆ ಬೇರೆ ಅಳೆಯುತ್ತಾರೆ. ಎಣಿಕೆ ಕೇಳುತ್ತಿರುವವರೆಗೆ ಒಳಗಿನವನಿಗೆ ಉಸಿರಿದೆ ಎಂದು ತಿಳಿಯಲಿಕ್ಕೆ. ಅದಕ್ಕಾಗಿ ಮೇಲಿದ್ದವರು ಮಾತಾಡಬಾರದು, ಕೆಮ್ಮಬಾರದು. ಎಣಿಕೆ ತಪ್ಪಿದರೆ ಏನೂ ವಿಚಾರ ಮಾಡದೆ ಎಳೆಯಬೇಕು.

‘ಲಾಭ,’ ಎಂದು ಕೇಳಿತು. ಬುಟ್ಟಿ ಮೇಲೆ ಬಂತು.

‘ಎರಡು.’ ದನಿ ಸರಿಯಾಗಿಯೇ ಇತ್ತು. ಸಾಹೇಬರು ತಲೆಯಾಡಿಸಿದರು. ನನಗೆ ಒಳಗೇ ಗೆದ್ದಂತಾಯಿತು. ಇವರ ಒಂದು ದಿನ, ಇವರ ಪಣತಿ, ಎಲ್ಲ ಬರೀ ಹಳೇ ರೂಢಿ ಎಂದುಕೊಂಡೆ.

‘ಮೂರು.’ ಇದು ತಡವಾಗಿ ಬಂತು.

‘ನಾ—’ ಎಂದಿತು ಹಗೇವು. ಆಮೇಲೆ ಏನೂ ಇಲ್ಲ.

ಹಗ್ಗ ಹಿಡಿದ ಇಬ್ಬರೂ ಗೌಡರನ್ನು ನೋಡಿದರು. ಗೌಡರು ನನ್ನನ್ನು ನೋಡಿದರು. ಸಾಹೇಬರ ಎದುರಿಗೆ, ಅವರ ಅಪ್ಪಣೆಯಿಂದ ಇಳಿದವನನ್ನು ಕೇಳದೆ ಎಳೆಯಬಹುದೋ ಬಾರದೋ ಎಂಬ ಅನುಮಾನ ಅವರದು. ನಾನು ಸಾಹೇಬರನ್ನು ನೋಡಿದೆ. ಅವರು ಇನ್ನೂ ಬರೆಯುತ್ತಿದ್ದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆವು ಎಂದು ಹೇಳಲಾರೆ. ಹತ್ತು ಉಸಿರು ಇರಬಹುದು, ಇಪ್ಪತ್ತು ಇರಬಹುದು. ನಡುವೆ ಏನೂ ಇರಬಾರದು ಎಂದು ಮೂರು ದಿನ ಪಾಠ ಹೇಳಿದವನು ನಾನು, ಕೈಯಲ್ಲಿ ಕಾಗದ ಹಿಡಿದು ಬಾಯಿ ತೆರೆಯಲು ಇಂಗ್ಲಿಷ್ ವಾಕ್ಯ ಜೋಡಿಸುತ್ತ ನಿಂತಿದ್ದೆ.

ಪಡಸಾಲೆಯಲ್ಲಿ ಏನೋ ದಪ್ಪನೆ ಬಿತ್ತು. ಅವನ ಹೆಂಡತಿ ಹೊತ್ತಿದ್ದ ಬೀಸುಕಲ್ಲನ್ನು ಬಿಟ್ಟಿದ್ದಳು. ಎಷ್ಟು ವರ್ಷದಿಂದ ಆ ಎಣಿಕೆಗೆ ಕಿವಿ ಕೊಟ್ಟೇ ಕೆಲಸ ಮಾಡಿದವಳೋ, ಮನೆಯೊಳಗಿದ್ದೂ ನಾಲ್ಕು ಬರಲಿಲ್ಲವೆಂದು ಅವಳಿಗೆ ಗೊತ್ತಾಯಿತು. ನಮ್ಮ ನಡುವೆ ನುಗ್ಗಿ ಬಂದು ಹಗ್ಗಕ್ಕೆ ಕೈ ಹಾಕಿ ಎಳೆದಳು. ಆಗ ಆ ಇಬ್ಬರೂ ಎಳೆದರು, ಗೌಡರೂ ಎಳೆದರು. ತಲೆ ಬಾಯಿಯವರೆಗೆ ಬಂತು, ಭುಜ ಸಿಕ್ಕಿಕೊಂಡವು. ಎಚ್ಚರವಿದ್ದವನು ತೋಳೆತ್ತಿ ಹೊರಬರುತ್ತಾನೆ. ಎಚ್ಚರವಿಲ್ಲದವನ ತೋಳು ಯಾರು ಎತ್ತಬೇಕು? ಎಳೆದಷ್ಟೂ ಬಿಗಿಯುತ್ತಿತ್ತು. ‘ಬಿಡಬ್ಯಾಡ್ರಿ, ಹಿಡಕೊಂಡ ನಿಲ್ರಿ’ ಎಂದು ಅವಳು ನೆಲಕ್ಕೆ ಬೋರಲು ಬಿದ್ದು, ಹಗೇವಿನೊಳಗೆ ತೋಳು ತೂರಿ, ಅವನ ಒಂದು ಕೈಯನ್ನು ಹುಡುಕಿ ಮೇಲೆ ತಂದಳು. ಆಮೇಲೆ ಇನ್ನೊಂದು. ಅವನ ಕಿವಿಯ ಪಕ್ಕ ಚರ್ಮ ಸುಲಿದು ರಕ್ತ ಬಂತು. ಅವನು ಹೊರಗೆ ಬಂದ.

ಮುಖ ಕಪ್ಪಿಟ್ಟಿತ್ತು. ಸಾಹೇಬರು ಕಾಗದ ಎಸೆದು ಓಡಿ ಬಂದರು. ಇದನ್ನು ಹೇಳದಿದ್ದರೆ ಇನ್ನೊಂದು ತಪ್ಪಾಗುತ್ತದೆ: ಅವರು ಆ ಧೂಳಿನಲ್ಲಿ ಮೊಣಕಾಲೂರಿ, ಅವನ ಎರಡೂ ತೋಳನ್ನು ತಲೆಯ ಮೇಲಕ್ಕೆ ಒಯ್ದು ಎದೆಗೆ ಒತ್ತಿ, ಮತ್ತೆ ಒಯ್ದು ಮತ್ತೆ ಒತ್ತಿ, ಬೆವರು ಇಳಿಯುವವರೆಗೆ ಬಿಡದೆ ಮಾಡಿದರು. ಹೆಂಡತಿ ಅವನ ಅಂಗಾಲು ತಿಕ್ಕುತ್ತಿದ್ದಳು. ಅಳಲಿಲ್ಲ. ‘ನಾಲ್ಕು ಅನ್ನು, ನಾಲ್ಕು ಅನ್ನು’ ಎಂದು ಅವನಿಗೆ ಹೇಳುತ್ತಲೇ ಇದ್ದಳು. ಕೊನೆಗೆ ಅವನಿಗೆ ಬಿಕ್ಕಿದಂತೆ ಒಂದು ಉಸಿರು ಬಂತು. ಆಮೇಲೆ ವಾಂತಿಯಾಯಿತು. ಗೌಡರು ಗೋಡೆಗೆ ಆತು ಕೂತುಬಿಟ್ಟರು.

ಸಾಹೇಬರು ಎದ್ದು ಕೈ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದರು. ‘ಅಪಾಯವಿದೆ ಎಂದು ಇವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಯಾಕೆ ಇಳಿದ?’

‘ಈ ಜನ ಹಾಗೇ, ಸರ್,’ ಎಂದೆ.

ಆ ವಾಕ್ಯವನ್ನು ಜೋಡಿಸಲು ನನಗೆ ಹೊತ್ತೇ ಹಿಡಿಯಲಿಲ್ಲ. ನನ್ನ ಜೀವನದಲ್ಲಿ ನಾನು ಆಡಿದ ಇಂಗ್ಲಿಷಿನಲ್ಲೆಲ್ಲ ಅದರಷ್ಟು ತಟ್ಟನೆ ಬಂದ ವಾಕ್ಯ ಇನ್ನೊಂದಿಲ್ಲ. ಅದನ್ನು ಬರೆಯುವಾಗ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಹೊಲದ ಗುಡಿಸಲುಗಳಲ್ಲಿ ಎರಡು ತಿಂಗಳು ಕಳೆದೆವು. ಹಗೇವಿನವನು ಮೊದಲ ಎಂಟು ದಿನ ಮಲಗಿಯೇ ಇದ್ದ. ಎದ್ದ ಮೇಲೆ ಎಡಗೈಯಲ್ಲಿ ತಂಬಿಗೆ ನಿಲ್ಲುತ್ತಿರಲಿಲ್ಲ, ಮಾತು ಮೊದಲಿಗಿಂತ ನಿಧಾನವಾಗಿತ್ತು. ಊರಲ್ಲಿ ಎಲ್ಲರೂ ಸಾಹೇಬನನ್ನು ಬೈದರು. ಪಣತಿ ಆರಿದ್ದನ್ನು ಕಂಡೂ ಇಳಿಸಿದ ಕಟುಕ ಎಂದರು. ಒಂದು ಮಧ್ಯಾಹ್ನ ಅವನ ಹೆಂಡತಿ ನನ್ನ ಗುಡಿಸಲಿಗೆ ಎರಡು ರೊಟ್ಟಿ, ಪುಂಡಿಪಲ್ಯ ತಂದಳು.

‘ನೀವರ ಸಾಹೇಬನ ಕೂಡ ಎಷ್ಟೊತ್ತು ಜಗಳಾಡಿದ್ರಂತಲ್ರಿ ಇಂಗ್ಲೀಷಿನ್ಯಾಗ,’ ಎಂದಳು. ‘ಅಷ್ಟರಾಗ ನಮ್ಮವರು ಬೇವಿನ ಟೊಂಗಿ ಆಡಿಸಿದ್ರಂತ. ಅದಕ್ಕ ಜೀವ ಉಳೀತು. ಉಣ್ರಿ.’

ಯಾರು ಅವಳಿಗೆ ಹಾಗೆ ಹೇಳಿದರೋ. ನಾನು ಇಲ್ಲ ಎನ್ನಲಿಲ್ಲ. ರೊಟ್ಟಿ ತೆಗೆದುಕೊಂಡೆ, ಅವಳೆದುರಿಗೇ ತಿಂದೆ. ಅವಳು ನೀರು ಕೊಟ್ಟಳು, ಕುಡಿದೆ.

ಬೇನೆ ಇಳಿದು ಊರೊಳಗೆ ಬಂದ ಮೇಲೆ ಸಾಲೆ ತೆರೆದೆ. ಆ ರೊಟ್ಟಿಯ ಋಣ ಮಾತ್ರ ತೀರಿರಲಿಲ್ಲ. ಮುಂಗಾರಿಗೆ ಮೊದಲು ಬೀಜದ ಜೋಳಕ್ಕಾಗಿ ಇನ್ನೊಂದು ಸಣ್ಣ ಹಗೇವು ತೆಗೆಯುತ್ತಾರೆಂದು ಕೇಳಿದೆ. ಸಾಲೆ ಬಿಟ್ಟ ಮೇಲೆ ಹೋದೆ. ಆಗಷ್ಟೇ ಬಂಡೆ ತೆಗೆದಿದ್ದರು. ಬೇರೆ ಯಾರೂ ಇರಲಿಲ್ಲ. ಅವನು ಬಾಯಿಯ ಹತ್ತಿರ ಒಬ್ಬನೇ ಕೂತು, ಎಡಗೈ ಮಾತು ಕೇಳದೆ ಒದ್ದಾಡುತ್ತ, ಪಣತಿಗೆ ಬತ್ತಿ ಹಾಕುತ್ತಿದ್ದ.

‘ಬರ್ರಿ ಮಾಸ್ತರ, ಕೂಡ್ರಿ,’ ಎಂದ.

ನಾನು ಕೂಡಲಿಲ್ಲ. ನಿಂತೇ ಹೇಳಿದೆ. ‘ನಿನಗೊಂದು ಮಾತು ಹೇಳೂದೈತಿ. ಅವತ್ತ ಸಾಹೇಬ್ರು ತಾಬಡತೋಬ ಅಂದಿದ್ದಿಲ್ಲ. ಶುರು ಮಾಡ್ಲಿ ಅಂದಿದ್ರು, ಅಷ್ಟ. ನಾಳಿಗೆ ಇಳೀತಾನ್ರಿ ಅಂದಿದ್ರ ಹೂಂ ಅಂತಿದ್ರೋ ಏನೋ. ನಾ ಕೇಳಲಿಲ್ಲ. ಆ ಮಾತು ನಾ ಸೇರಿಸಿದ್ದು.’

ಅವನು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಚಲೋ ಇತ್ತು.

‘ಗೊತ್ತೈತ್ರಿ,’ ಎಂದ.

‘ಹೆಂಗ ಗೊತ್ತು? ನಿನಗ ಇಂಗ್ಲೀಷ್ ಎಲ್ಲಿ ಬರತೈತಿ?’

‘ಒಂದ ಮಾತು ಬರತಿತ್ತಲ್ರಿ,’ ಎಂದ, ನಿಧಾನವಾಗಿ, ಒಂದೊಂದೇ ಮಾತನ್ನು ಹುಡುಕಿಕೊಂಡು. ‘ಚಾವಡ್ಯಾಗ ನೀವ ಕಲಿಸಿದ್ರಿ. ಸಾಹೇಬ ಬಾಯಿ ತಗದಾಗ ನಾ ಕಿವಿ ಕೊಟ್ಟ ಕುಂತಿದ್ದೆ, ಆ ಮಾತು ಬರತೈತೇನು ಅಂತ. ಬರಲಿಲ್ಲ. ಆಮ್ಯಾಲ ನಿಮ್ಮ ಬಾಯಾಗ ಬಂತು.’

ಅವನ ಪಕ್ಕ ನೆಲದ ಮೇಲೆ ಕೂತೆ. ‘ಗೊತ್ತಿದ್ದೂ ಯಾಕ ಇಳದಿ? ಪಣತಿ ಆರಿತ್ತು. ನಿಮ್ಮಪ್ಪ ಹೋದದ್ದು ಕಂಡಾವ ನೀನು.’

ಅವನು ಪಣತಿ ಹಚ್ಚಿ ಬುಟ್ಟಿಯಲ್ಲಿಟ್ಟ. ಬಲಗೈಯಿಂದ ಹಗ್ಗ ಬಿಡುತ್ತ ಕೆಳಗೆ ಹೋಗುವ ಬೆಳಕನ್ನೇ ನೋಡುತ್ತಿದ್ದ.

‘ಸಾಹೇಬ ಅಂದಿದ್ರ ನಾ ಇಳೀತಿದ್ದಿಲ್ರಿ,’ ಎಂದ. ‘ನೀವ ಅಂದ್ರಿ.’

ಒಂದು ಆಳಿನ ಕೆಳಗೆ ಪಣತಿ ಕುಗ್ಗಿತು, ಆರಿತು. ಅವನು ಬುಟ್ಟಿ ಮೇಲೆಳೆದು ಬದಿಗಿಟ್ಟ.

‘ನಾಳಿಗೆ ನೋಡೂನ್ರಿ,’ ಎಂದ.

ಮರುದಿನ ಸಾಲೆಗೆ ಹೋಗುವ ಮೊದಲು ಬಂದೆ. ಪಣತಿ ಕಾಳು ಮುಟ್ಟುವವರೆಗೂ ಉರಿಯಿತು. ಹಗ್ಗದ ಮೇಲಿನ ತುದಿಯನ್ನು ನಾನೂ ಅವನ ಹೆಂಡತಿಯೂ ಹಿಡಿದೆವು. ಅವನು ಇಳಿದು ಎಣಿಸತೊಡಗಿದ. ಅವನು ‘ನಾಲ್ಕು’ ಎನ್ನುವವರೆಗೆ ನಾನು ಉಸಿರು ಬಿಡಲಿಲ್ಲ.